ಮುಖದ ನರಗಳ ಮಾತು



ಜೋಳದ ರೊಟ್ಟಿಯೊಡನೆ ಹಸಿಮೆಣಸಿನಕಾಯಿಯನ್ನು ಕಡಿದಾಗ ‘ಬಾಯಿ ಉರಿಯಿತು’ ಎನ್ನುತ್ತೇವೆ. ಬಿಸಿ ಸಾರು ತಗುಲಿದಾಗಲೂ ಅದೇ ಮಾತು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕನ್ನಡ ಮನೆಗಳಲ್ಲಿ ಕೇಳಿಬರುವ ಈ ನುಡಿ ಬರಿಯ ಅಲಂಕಾರವಲ್ಲ. ಅದರಲ್ಲಿ ಶರೀರಶಾಸ್ತ್ರದ ಸತ್ಯವೊಂದು ಅಡಗಿದೆ.

ಮುಖದ ಸ್ಪರ್ಶ, ಬಿಸಿ, ನೋವುಗಳನ್ನು ಮೆದುಳಿಗೆ ಒಯ್ಯುವುದು ಮೂರು ಕವಲುಗಳುಳ್ಳ ಒಂದು ನರ. ಒಂದು ಕವಲು ಹಣೆ ಮತ್ತು ಕಣ್ಣಿಗೆ, ಒಂದು ಮೇಲ್ದವಡೆಗೆ, ಇನ್ನೊಂದು ಕೆಳದವಡೆಗೆ. ತಲೆಬುರುಡೆಯ ತಳದಲ್ಲಿ, ಎಡಬಲಗಳಲ್ಲಿ ಒಂದೊಂದರಂತೆ, ಇದರ ಜೀವಕೋಶಗಳು ಗಂಟುಗೂಡಿವೆ. ಈ ಕೋಶಗಳ ಪೊರೆಯಲ್ಲಿ ಬೀಗಗಳಂತಿರುವ ಗ್ರಾಹಕಗಳುಂಟು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆಯುವ ಬೀಗವೊಂದನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವೂ ತೆರೆಯುತ್ತದೆ. ಡೇವಿಡ್ ಜೂಲಿಯಸ್ ಅವರ ತಂಡವು ಇದನ್ನು 1997ರಲ್ಲಿ ಪ್ರಕಟಿಸಿತು. 2021ರಲ್ಲಿ ಅವರು ನೊಬೆಲ್ ಪಾರಿತೋಷಕದ ಪಾಲುದಾರರಾದರು. ಬಿಸಿಗೂ ಖಾರಕ್ಕೂ ಬಾಗಿಲು ಒಂದೇ ಆದುದರಿಂದಲೇ ಎರಡೂ ನಮಗೆ ‘ಉರಿ’.

ಈ ಕೋಶಗಳು ಸುದ್ದಿಯನ್ನು ಒಯ್ಯುವುದಷ್ಟೇ ಅಲ್ಲ, ತಾವೂ ಸಂದೇಶದ ಅಣುಗಳನ್ನು ಸುರಿಸುತ್ತವೆ. ಅವುಗಳಲ್ಲಿ ಮುಖ್ಯವಾದುದು ಸಿ.ಜಿ.ಆರ್.ಪಿ. ಎಂಬುದು. ಮನುಷ್ಯರ ನರಗಂಟನ್ನು ಪರೀಕ್ಷಿಸಿದಾಗ, ಕೆಲವು ಕೋಶಗಳು ಈ ಅಣುವನ್ನು ತಯಾರಿಸುವುದೂ, ಅದರ ಗ್ರಾಹಕವು ಹೆಚ್ಚಾಗಿ ಬೇರೆ ಕೋಶಗಳಲ್ಲಿರುವುದೂ ಕಂಡುಬಂದಿದೆ. ಎಂದರೆ ನೆರೆಯ ಕೋಶಗಳು ತಮ್ಮೊಳಗೆ ಮಾತನಾಡಿಕೊಳ್ಳಬಲ್ಲವು. ಅದೇ ಅಣು ರಕ್ತನಾಳಗಳನ್ನೂ ಹಿಗ್ಗಿಸುತ್ತದೆ. ಅರೆತಲೆನೋವಿನ ವೇಳೆ ಕೊರಳ ರಕ್ತದಲ್ಲಿ ಅದು ಏರಿರುವುದನ್ನು ವಿಜ್ಞಾನಿಗಳು 1990ರಲ್ಲಿ ವರದಿ ಮಾಡಿದರು. ಅದನ್ನು ಇಲ್ಲವೆ ಅದರ ಗ್ರಾಹಕವನ್ನು ತಡೆಯುವ ಔಷಧಗಳು 2018ರಿಂದ ಬಳಕೆಗೆ ಬಂದಿವೆ.

ಶಾಲೆಯ ಸಭೆಯಲ್ಲಿ ಇದನ್ನೇಕೆ ಹೇಳಬೇಕು? ತಲೆನೋವೆಂದು ಮೇಜಿನ ಮೇಲೆ ತಲೆಯಿಟ್ಟ ಮಗುವಿಗೆ ಜ್ವರವಿರದು, ಗಾಯವಿರದು. ‘ಪಾಠ ತಪ್ಪಿಸುವ ನೆಪ’ ಎಂದು ಬಿಡುವುದು ಸುಲಭ. ಆದರೆ ಕಾಣದ ನೋವಿಗೂ ಕಾರಣವಾದ ದ್ರವ್ಯವುಂಟು. ಹೆಸರು ಅರೆತಲೆನೋವಾದರೂ ಮಕ್ಕಳಲ್ಲಿ ಅದು ಅನೇಕ ವೇಳೆ ತಲೆಯ ಎರಡೂ ಕಡೆ ಇರುತ್ತದೆ, ಬೆಳಕು, ಸದ್ದು ಸಹಿಸವು, ವಾಂತಿಯೂ ಆಗಬಹುದು. ಅಂಥ ಮಗುವನ್ನು ಕತ್ತಲಾದ ಶಾಂತ ಕೋಣೆಯಲ್ಲಿ ಮಲಗಿಸಿರಿ. ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಿರಿ. ಜ್ವರದೊಡನೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಪ್ರಜ್ಞೆ ಮಸುಕಾದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯಿರಿ.

ನೋವು ‘ಚುಚ್ಚುತ್ತದೆ’, ‘ಸಿಡಿಯುತ್ತದೆ’, ‘ಉರಿಯುತ್ತದೆ’ ಎಂಬ ಭೇದವನ್ನು ಮಗು ತನ್ನ ಮನೆಮಾತಿನಲ್ಲಿಯೇ ಚೆನ್ನಾಗಿ ಹೇಳಬಲ್ಲದು. ವೈದ್ಯರು ತೆಲುಗಿನಲ್ಲಿ ಕೇಳಿದರೆ, ಆ ಕನ್ನಡ ಮಾತನ್ನು ಕೆಡದಂತೆ ಅವರಿಗೆ ಮುಟ್ಟಿಸುವುದು ಹಿರಿಯರಾದ ನಮ್ಮ ಕರ್ತವ್ಯ.