ಹುಳುವಿನ ಮನೆಯ ಚಳಿ

ಪರದೇಶದಲ್ಲಿರುವ ನನ್ನ ಮಗಳು ಪ್ರತಿ ವರ್ಷ ಅಕ್ಟೋಬರ್ ಬಂದೊಡನೆ ಮನೆಯ ಬಾಗಿಲು ಕಿಟಕಿಗಳ ಸಂದುಗಳಿಗೆ ರಬ್ಬರಿನ ಪಟ್ಟಿ ಅಂಟಿಸುವ ಕೆಲಸಕ್ಕೆ ತೊಡಗುತ್ತಾಳೆ. ಸಂದಿನಲ್ಲಿ ನುಸುಳುವ ಗಾಳಿಯನ್ನು ತಡೆಯದಿದ್ದರೆ ಮನೆ ಕಾಯಿಸುವ ಖರ್ಚು ಸಂಬಳವನ್ನೇ ನುಂಗುತ್ತದೆಂದು ಅವಳು ದೂರವಾಣಿಯಲ್ಲಿ ಹೇಳಿದಾಗ, "ನಮ್ಮ ಕಡೆ ಮನೆಯನ್ನು ಯಾರಮ್ಮ ಕಾಯಿಸುತ್ತಾರೆ?" ಎಂದು ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ನೆನಪಾಯಿತು. ಮನುಷ್ಯರಿಗಾಗಿ ಕಾಯಿಸುವುದಿಲ್ಲ, ನಿಜ, ಹುಳುವಿಗಾಗಿ ಕಾಯಿಸುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ರೇಷ್ಮೆಯ ಮಾತು ಬಂದಾಗ ಪಟ್ಟಣಿಗರಿಗೆ ನೆನಪಾಗುವುದು ರಾಮನಗರದ ಗೂಡಿನ ಮಾರುಕಟ್ಟೆ. ಮಾಗಡಿಯೂ ನೆರೆಯ ಕುಣಿಗಲೂ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಸೀಮೆಗಳೆಂಬುದನ್ನು ಬಲ್ಲವರು ಕಡಿಮೆ. 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆಯ ಹೊಣೆಯನ್ನೂ ಹೊತ್ತಿದ್ದರೆಂದು ತರಗತಿಯಲ್ಲಿ ನಾನು ಹೇಳಿದಾಗಲೆಲ್ಲ ಎಂ.ಎ. ವಿದ್ಯಾರ್ಥಿಗಳು ಅಚ್ಚರಿಪಡುತ್ತಿದ್ದರು. ಸಾಹಿತ್ಯಕ್ಕೂ ಹುಳುವಿಗೂ ಏನು ಸಂಬಂಧವೆಂಬ ಭಾವ ಅವರ ಮುಖದಲ್ಲಿ ಕಾಣುತ್ತಿತ್ತು.

ರೇಷ್ಮೆ ಹುಳುವಿಗೆ ತನ್ನದೇ ಆದ ಮೈಬಿಸಿ ಇಲ್ಲ. ಸುತ್ತಣ ಗಾಳಿಯ ಬಿಸಿಯೇ ಅದರ ಮೈಯ ಬಿಸಿ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇಕಡ 80ರಿಂದ 90ರಷ್ಟು ತೇವವೂ ಬೇಕು. ದೊಡ್ಡ ಹುಳುವಿಗೆ 24, 25 ಡಿಗ್ರಿ ಸಾಕು, ತೇವವೂ 70ರ ಆಸುಪಾಸಿಗೆ ಇಳಿಯಬೇಕು. ಪುಷ್ಯ ಮಾಸದ ರಾತ್ರಿಗಳಲ್ಲಿ ನಮ್ಮ ಕಡೆ ಪಾದರಸ 15ರ ಸಮೀಪಕ್ಕೆ ಬರುತ್ತದೆ. ಚಳಿಗೆ ಹುಳು ಮಂಕಾಗಿ ಸೊಪ್ಪನ್ನು ಸರಿಯಾಗಿ ತಿನ್ನುವುದಿಲ್ಲ. ಪೊರೆ ಬಿಡುವುದು ತಡವಾಗುತ್ತದೆ. ಈ ಪೊರೆ ಬಿಡುವ ಅವಸ್ಥೆಯನ್ನು ನಮ್ಮ ರೈತರು 'ಜ್ವರ' ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎಂಬ ಮಾತುಗಳನ್ನು ಕೇಳಿಯೇ ನಾನು ಬೆಳೆದೆ. ನಾಲ್ಕು ಜ್ವರ ದಾಟಿದ ಹುಳು ಕೊನೆಗೆ 'ಹಣ್ಣಾಗುತ್ತದೆ', ಚಂದ್ರಿಕೆ ಏರುತ್ತದೆ. ಆ ತೋಟದ ಮಾತನ್ನು ಹುಳುವಿಗೆ ಮೊದಲು ಅಂಟಿಸಿದ ಪುಣ್ಯಾತ್ಮ ಯಾರೋ, ಅವನಿಗೆ ನನ್ನ ನಮಸ್ಕಾರ.

ಚನ್ನಪಟ್ಟಣ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಹುಳುವಿಗೆ ಪ್ರತ್ಯೇಕ ಕಟ್ಟಡವಿರಲಿಲ್ಲ. ನಡುಮನೆಯಲ್ಲಿ ತಟ್ಟೆಗಳ ಸಾಲು, ಜಗಲಿಯಲ್ಲಿ ನಮ್ಮ ಹಾಸಿಗೆ. ಚಳಿ ಬಂದಾಗ ಅಜ್ಜಿ ಜೇಡಿಮಣ್ಣಿಗೆ ಸೆಗಣಿ ಕಲಸಿ ಗೋಡೆಯ ಬಿರುಕುಗಳನ್ನು ಮೆತ್ತುವಳು, ಬಾಗಿಲಿಗೆ ಗೋಣಿತಾಟು ಇಳಿಬಿಡುವಳು, ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವಳು. ಇಷ್ಟೆಲ್ಲ ಮಾಡಿಯೂ ಮೇಲಣ ಒಂದು ಬೆಳಕಿಂಡಿಯನ್ನು ಮಾತ್ರ ಅವಳು ಎಂದೂ ಮುಚ್ಚಗೊಡುತ್ತಿರಲಿಲ್ಲ. ಕೇಳಿದರೆ, "ಹುಳ ಉಸಿರಾಡದು ಬ್ಯಾಡ್ವ?" ಎನ್ನುವಳು.

1971ರ ಚಳಿಗಾಲಕ್ಕೆ ಅಜ್ಜಿ ಇರಲಿಲ್ಲ. ನನಗೆ ಹನ್ನೊಂದು ವರ್ಷ. ಆ ಬೆಳೆಯ ಹಣದಲ್ಲಿ ಅಕ್ಕನ ಮದುವೆ ಎಂದು ನಿಶ್ಚಯವಾಗಿತ್ತು. ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ರಾತ್ರಿ ಅಗ್ಗಿಷ್ಟಿಕೆ ನೋಡಿಕೊಳ್ಳುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದರು. ಇದ್ದಿಲು ಬೇಗ ಮುಗಿಯುತ್ತಿತ್ತು, ಮುಗಿದರೆ ಬೈಗಳು. ಬುದ್ಧಿವಂತನಾದ ನಾನು ಯಾರಿಗೂ ಹೇಳದೆ ಆ ಬೆಳಕಿಂಡಿಗೂ ಹೆಂಚಿನ ಕೆಳಗಣ ಸಂದುಗಳಿಗೂ ನೆಲ್ಲುಹುಲ್ಲನ್ನು ಗಿಡಿದೆ. ಮನೆ ಬೆಚ್ಚಗಾಯಿತು, ಇದ್ದಿಲು ಉಳಿಯಿತು. ಬೆಳಗ್ಗೆ ನನಗೆ ತಲೆಭಾರ, ಅವ್ವನಿಗೂ ತಲೆಭಾರ. ಮುಚ್ಚಿದ ಮನೆಯಲ್ಲಿ ಇದ್ದಿಲಿನ ಹೊಗೆಯಿಲ್ಲದ ವಿಷಾನಿಲ ಜೀವಕ್ಕೇ ಮುಳುವೆಂಬುದು ಆಗ ನನಗೆ ಗೊತ್ತಿರಲಿಲ್ಲ. ಗೋಣಿತಾಟಿನ ಸಂದಿನಿಂದ ಬಂದಷ್ಟು ಗಾಳಿ ನಮ್ಮನ್ನು ಉಳಿಸಿರಬೇಕು.

ಹುಳುವನ್ನು ಉಳಿಸಲಿಲ್ಲ. ಹಸಿ ಸೊಪ್ಪಿನಿಂದಲೂ ಹಿಕ್ಕೆಯಿಂದಲೂ ಏಳುವ ಆವಿಗೆ ಹೊರಹೋಗುವ ದಾರಿ ಬೇಕು. ಸಾಲದುದಕ್ಕೆ ಆ ದಿನಗಳಲ್ಲಿ ಸೊಪ್ಪು ಇಬ್ಬನಿಯಲ್ಲಿ ತೊಯ್ದೇ ಬರುತ್ತಿತ್ತು. ನಾಲ್ಕೈದು ರಾತ್ರಿ ಕಳೆಯುವುದರೊಳಗೆ ತಟ್ಟೆಗಳಲ್ಲಿ ಸುಣ್ಣಕಟ್ಟು ಕಾಣಿಸಿತು. ಆ ರೋಗ ಬೂಷ್ಟಿನಿಂದ ಬರುವಂಥದು. ತೇವವೇ ಅದರ ಬಲ. ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಡುಸಾಗುತ್ತದೆ. ಅಪ್ಪ ತಟ್ಟೆ ತಟ್ಟೆಯನ್ನೇ ಹೊತ್ತು ತಿಪ್ಪೆಯಾಚೆ ಸುಟ್ಟರು. ಹಸಿ ಸೊಪ್ಪು ತಂದೆಯೆಂದು ಅವ್ವನನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಅಕ್ಕನ ಮದುವೆ ಆ ವರ್ಷ ನಡೆಯಲಿಲ್ಲ. ಆ ಸಂಬಂಧವೂ ತಪ್ಪಿಹೋಯಿತು.

ಈಗ ಹಳ್ಳಿಯಲ್ಲಿ ಹುಳು ಸಾಕುವವನು ನನ್ನ ಅಣ್ಣನ ಮಗ. ತೋಟದಲ್ಲಿ ಬೇರೆಯೇ ಹುಳುಮನೆ ಕಟ್ಟಿದ್ದಾನೆ. ಸಿಮೆಂಟು ಶೀಟಿನ ಮಾಡು, ಕಿಟಕಿಗಳಿಗೆ ನೈಲಾನ್ ಜಾಲರಿ. 1980ರಲ್ಲಿ ಬಂಗಾಳದ ಗೂಡುಗಳೊಡನೆ ಕರ್ನಾಟಕಕ್ಕೆ ಬಂದಿಳಿದ ಊಜಿ ನೊಣದ ಭಯಕ್ಕೆ ಈ ಜಾಲರಿ. ಜಾಲರಿ ನೊಣವನ್ನು ತಡೆಯುತ್ತದೆ, ಚಳಿಯನ್ನು ತಡೆಯದು. ಹಿಂದಿನ ವರ್ಷ ಎರಡು ಕಿಲೋವ್ಯಾಟಿನ ಎರಡು ಹೀಟರುಗಳನ್ನು ರಾತ್ರಿ ಹತ್ತು ಗಂಟೆ ಉರಿಸಿದನಂತೆ. ರಾತ್ರಿಗೆ 40 ಯೂನಿಟ್. 25 ರಾತ್ರಿಗೆ ಸಾವಿರ ಯೂನಿಟ್! "ಚಿಕ್ಕಪ್ಪ, ಗೂಡಿನ ದುಡ್ಡು ಕರೆಂಟಿಗೇ ಹೋಯಿತು" ಎಂದ.

ನಾನು ಒಂದು ಊದುಬತ್ತಿ ಹಚ್ಚಿಕೊಂಡು ಅವನೊಡನೆ ಹುಳುಮನೆಯನ್ನು ಸುತ್ತಿದೆ. ಗಾಳಿ ಎಲ್ಲಿ ನುಸುಳುವುದೋ ಅಲ್ಲಿ ಹೊಗೆ ಬಾಗುತ್ತದೆ. ಪರೀಕ್ಷೆಗೆ ಇದಕ್ಕಿಂತ ಅಗ್ಗದ ಸಾಧನ ಬೇರೆ ಬೇಡ. ಬಾಗಿಲ ಅಡಿಯಲ್ಲಿ ಹೊಗೆ ಒಳಕ್ಕೆ ಓಡಿತು. ಶೀಟಿನ ಅಲೆಗಳು ಗೋಡೆಯ ತಲೆಗೆ ಕೂಡುವ ಕಡೆ, ಪ್ರತಿ ಅಲೆಯ ಕೆಳಗೂ ಒಂದೊಂದು ಕಿಂಡಿ. ಅಲ್ಲಿ ಹೊಗೆ ಹೊರಕ್ಕೆ ಹಾರಿತು. ಬಿಸಿಗಾಳಿ ಹಗುರ, ಅದು ಮೇಲಿನಿಂದ ತಪ್ಪಿಸಿಕೊಳ್ಳುತ್ತದೆ. ಹೋದಷ್ಟೇ ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹೀಟರು ಕಾಯಿಸುತ್ತಿದ್ದುದು ಹುಳುಮನೆಯನ್ನಲ್ಲ, ಆಕಾಶವನ್ನು.

ಅಲೆಗಳ ಕಿಂಡಿಗಳಿಗೆ ಗಾರೆ ಮೆತ್ತಿಸಿದೆವು. ಬಾಗಿಲಡಿಗೆ ಮರಳು ತುಂಬಿದ ಬಟ್ಟೆಯ ಸುರುಳಿ ಇಟ್ಟೆವು. ಜಾಲರಿಯ ಹೊರಗೆ, ಸುತ್ತಿ ಮೇಲೆತ್ತಬಹುದಾದಂತೆ ಗೋಣಿತಾಟು ಕಟ್ಟಿಸಿದೆವು; ಬಿಸಿಲೇರಿದ ಮೇಲೆ ಎತ್ತುವುದು, ಸಂಜೆ ಇಳಿಬಿಡುವುದು. ಬೇಸಿಗೆಯಲ್ಲಿ ಅದೇ ತಾಟಿಗೆ ನೀರು ಚಿಮುಕಿಸಿದರೆ ತಂಪಿಗೂ ಆಯಿತು. ಶೀಟಿನ ಕೆಳಗೆ ಬಿದಿರಿನ ಚಾಪೆಯ ಒಳಮಾಡು ಕಟ್ಟಿಸಿದೆವು. ಇನ್ನು ಉಳಿದುದು ನೆಲದ ಬಳಿಯ ಎರಡು ಗಾಳಿಕಿಂಡಿ, ಸೂರಿನ ಬಳಿಯ ಎರಡು ಕಿಂಡಿ. ಅಣ್ಣನ ಮಗ ಗಾರೆಯ ಕರಣೆ ಹಿಡಿದು ಅವುಗಳನ್ನೂ ಮುಚ್ಚಲು ಹೊರಟಾಗ ನಾನು ಅವನ ಕೈಯನ್ನೇ ಹಿಡಿದುಕೊಂಡೆ. ಅಷ್ಟು ಬಿರುಸು ಏಕೆಂದು ಅವನಿಗೆ ಅರ್ಥವಾಗಲಿಲ್ಲ.

ಈ ಚಳಿಗಾಲ ಒಂದೇ ಹೀಟರು ಸಾಕಾಯಿತು; ಅದೂ ಬೆಳಗಿನ ಜಾವದ ಕೆಲವು ಗಂಟೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ತೇವ ಹೀರಲು ಸುಣ್ಣದ ಪುಡಿ ಉದುರಿಸುವುದನ್ನಂತೂ ಅವನು ಬಿಟ್ಟಿರಲಿಲ್ಲ.

ಸಂಕ್ರಾಂತಿಗೆ ಬಂದಿದ್ದ ಅಕ್ಕ ಹುಳುಮನೆ ನೋಡಲು ನನ್ನೊಡನೆ ಬಂದಳು. ಅವಳ ಮದುವೆ ಮೂರು ವರ್ಷ ತಡವಾಗಿ, ಮಾಗಡಿಯ ಕಡೆಗೆ, ನಡೆಯಿತು, ಈಗ ಮೊಮ್ಮಕ್ಕಳಿದ್ದಾರೆ. ಸೂರಿನ ಬಳಿಯ ತೆರೆದ ಕಿಂಡಿಯನ್ನು ತೋರಿಸುತ್ತ, ಐವತ್ತು ವರ್ಷಕ್ಕೂ ಮಿಗಿಲಾಗಿ ಹೇಳದೆ ಉಳಿದಿದ್ದ ನೆಲ್ಲುಹುಲ್ಲಿನ ಮಾತನ್ನು ಅವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಕಿಂಡಿಯನ್ನೇ ನೋಡುತ್ತಿದ್ದಳು.

"ಗೊತ್ತಿತ್ತು ಕಣೋ. ಆ ಹುಲ್ಲು ಕಿತ್ತಾಕಿದ್ದು ನಾನೇ. ಹೇಳಿದ್ರೆ ಅಪ್ಪ ನಿನ್ನ ಇಸ್ಕೂಲು ಬಿಡಿಸ್ಬುಡ್ತಿತ್ತು."

ಮತ್ತೇನೂ ಹೇಳದೆ ಬುಟ್ಟಿಯ ಸೊಪ್ಪಿನೊಳಗೆ ಕೈಯಿಟ್ಟು ನೋಡಿ, ಇಬ್ಬನಿ ಇನ್ನೂ ಆರಿಲ್ಲವೆಂದು ಅಣ್ಣನ ಮಗನನ್ನು ಗದರಿಸಿದಳು.