ಬಿಕ್ಕಳಿಕೆ ಬಂದಾಗ

ರೋಗಿಗಳೇ, ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಅವರ ಆರೈಕೆಗೆ ಬಂದಿರುವ ಬಂಧುಗಳೇ,

ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸ್ಯಾರ’ ಎನ್ನುವುದು ನಮ್ಮ ರೂಢಿ. ನಿಜದಲ್ಲಿ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ತಟ್ಟನೆ ಕುಗ್ಗುತ್ತದೆ. ಉಸಿರು ಒಳನುಗ್ಗುವಷ್ಟರಲ್ಲಿ ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಕೊಂಡು ಆ ಸದ್ದು ಬರುತ್ತದೆ. ಅವಸರದ ಊಟ, ಹೊಟ್ಟೆ ಬಿರಿಯುವಷ್ಟು ಊಟ, ರೊಟ್ಟಿಯ ಜೊತೆ ಅತಿಯಾದ ಖಾರ, ಸೋಡಾ, ಮದ್ಯ ಇವು ಸಾಮಾನ್ಯ ಕಾರಣಗಳು.

ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಕ್ಕರೆ ಕಾಯಿಲೆ ಇಲ್ಲದವರು ಒಂದು ಚಮಚ ಸಕ್ಕರೆ ನುಂಗಬಹುದು. ದಮ್ಮು ಇರುವವರು, ಹೃದ್ರೋಗಿಗಳು ಉಸಿರು ಹಿಡಿಯುವುದು ಬೇಡ, ಅಂಥವರನ್ನು ಹೆದರಿಸಲೂಬೇಡಿ.

ಬಂಧುಗಳೇ, ಪಾರ್ಶ್ವವಾಯು ಬಡಿದವರಿಗೆ, ಎಚ್ಚರವಿಲ್ಲದವರಿಗೆ ನೀವಾಗಿಯೇ ಬಾಯಿಗೆ ನೀರು ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಮೊದಲು ನರ್ಸ್ ಅಕ್ಕನವರನ್ನು ಕರೆಯಿರಿ.

ಬಿಕ್ಕಳಿಕೆ 48 ಗಂಟೆ ದಾಟಿದರೆ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡ, ಜಠರ ಅಥವಾ ಮೆದುಳಿನ ಕಾಯಿಲೆ ಅದರ ಹಿಂದೆ ಇರಬಹುದು. ಜೊತೆಗೆ ಮಾತು ತೊದಲಿದರೆ, ಕೈಕಾಲು ಸೋತರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ. ನೆನೆಸಿದವರು ಯಾರೆಂದು ಆಮೇಲೆ ಕೇಳೋಣ.