ನರದ ದಾರಿಯಲ್ಲಿ ಒಂದು ಬುತ್ತಿ

ಬಳ್ಳಾರಿ ಜಾಲಿಯ ಮುಳ್ಳು ತುಳಿಯದ ಕಾಲು ನಮ್ಮೂರು ಕಾನಹೊಸಹಳ್ಳಿಯ ಸುತ್ತಮುತ್ತ ಸಿಗುವುದು ಕಷ್ಟ. ಶೇಂಗಾ ಹೊಲದ ಬದುವಿನಲ್ಲೋ ಕೆರೆ ಏರಿಯ ಕೆಳಗೋ ಓಡುತ್ತಿರುತ್ತೀರಿ, ಹವಾಯಿ ಚಪ್ಪಲಿಯನ್ನೂ ತೂರಿಕೊಂಡು ಅದು ಹಿಮ್ಮಡಿಗೆ ಹೊಕ್ಕಿರುತ್ತದೆ. ಆಗ ಎರಡು ಸಲ ನೋಯುತ್ತದೆ, ಗಮನಿಸಿದ್ದೀರಾ? ಮೊದಲು ಚುರುಕ್ಕೆಂದು ಚುಚ್ಚಿದ ನೋವು. ಕಾಲೆತ್ತಿ ಕುಂಟುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು, ಉರಿಯುತ್ತ ಮಿಡಿಯುವ ನೋವು. ಮುಳ್ಳು ಒಂದೇ, ಆದರೆ ಸುದ್ದಿ ಒಯ್ಯುವ ನರಗಳು ಎರಡು ಬಗೆ. ಒಂದು ಬಗೆಯ ನರದಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ತುಂಬ ಸಣ್ಣ ನರ, ಅದರಲ್ಲಿ ಹೆಚ್ಚೆಂದರೆ 2 ಮೀಟರ್.

ಈ ಸುದ್ದಿ ಒಯ್ಯುವ ಜೀವಕೋಶಕ್ಕೆ ಸಂವೇದನಾ ನರಕೋಶ ಎಂದು ಹೆಸರು. ಅದರ ಆಕಾರ ನೋಡಿದರೆ ನನಗೆ ಇಂದಿಗೂ ಬೆರಗು. ಬಾಲ ನಿಮ್ಮ ಹಿಮ್ಮಡಿಯಲ್ಲಿದೆ, ಆದರೆ ಕೋಶದ ಒಡಲು ಅಲ್ಲಿಲ್ಲ. ಅದು ಸೊಂಟದ ಮಟ್ಟದಲ್ಲಿ, ಬೆನ್ನುಮೂಳೆಯ ಪಕ್ಕದ ಒಂದು ಪುಟ್ಟ ನರಗಂಟಿನಲ್ಲಿ ಕೂತಿರುತ್ತದೆ. ಬೆನ್ನುಹುರಿಯ ಎಡಕ್ಕೂ ಬಲಕ್ಕೂ 31 ಜೊತೆ ನರಗಳು ಹೊರಡುತ್ತವೆ, ಅವುಗಳ ಬುಡದಲ್ಲಿ ಇಂಥ ನರಗಂಟುಗಳಿವೆ. ದೊಡ್ಡವರಲ್ಲಿ ಕಾಲ್ಬೆರಳಿನಿಂದ ನರಗಂಟಿಗೆ ಸುಮಾರು ಒಂದು ಮೀಟರ್. ಅಷ್ಟು ದೂರಕ್ಕೂ ಒಂದೇ ಜೀವಕೋಶ, ನಡುವೆ ಗಂಟು ಹಾಕಿಲ್ಲ, ಜೋಡಿಸಿಲ್ಲ.

ಒಡಲು ಎಲ್ಲಿದೆಯೋ ಅಲ್ಲೇ ಜೀನ್‌ಗಳೂ ಇರುತ್ತವೆ. ಜೀನ್ ಎಂದರೆ ಒಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂದು ಬರೆದಿಟ್ಟ ಚೀಟಿ. ಹಗಲೂ ರಾತ್ರಿ ಬಿಡದೆ ನೋಯುವ ಕಾಯಿಲೆಯವರಿದ್ದಾರೆ. ಗುಳಿಗೆ ನುಂಗಿದರೆ ಅದು ಮೈಯೆಲ್ಲ ಹರಡಿ ತೂಕಡಿಕೆ, ವಾಕರಿಕೆ ತರುತ್ತದೆ. ಅದರ ಬದಲು, ನೋವಿನ ಸುದ್ದಿ ತರುವ ಆ ನರಕೋಶಕ್ಕೇ ಒಂದು ಹೊಸ ಚೀಟಿ ಕೊಟ್ಟು, ನೋವು ತಗ್ಗಿಸುವ ಔಷಧವನ್ನು ನೀನೇ ಮಾಡಿಕೋ ಎನ್ನಬಹುದಲ್ಲ? ಆದರೆ ಚೀಟಿ ತಲುಪಿಸುವುದು ಹೇಗೆ? ಬೆನ್ನುಮೂಳೆ ಬಿಡಿಸಿ ಒಳಗೆ ಹೋಗುವುದೇನು ಸುಲಭವೇ?

ಆ ದಾರಿ ಬಲ್ಲವರು ಮೊದಲೇ ಇದ್ದರು. ಅವರನ್ನು ನಾನು ಚಿಕ್ಕಂದಿನಲ್ಲಿ ನಮ್ಮಜ್ಜಿಯ ಮೈಮೇಲೆ ನೋಡಿದ್ದೆ.

ಅಜ್ಜಿಯ ಎಡ ಪಕ್ಕೆಯ ಮೇಲೆ ಕೆಂಪು ಗುಳ್ಳೆಗಳು ಎದ್ದಿದ್ದವು. ಬೆನ್ನಿನ ನಡುವಿನಿಂದ ಹೊರಟು, ಪಕ್ಕೆ ಬಳಸಿ, ಹೊಟ್ಟೆಯ ನಡುಗೆರೆಗೆ ಬಂದು ನಿಂತಿದ್ದವು, ಅರ್ಧ ಉಡಿದಾರ ಕಟ್ಟಿದ ಹಾಗೆ. ಸೀರೆಯ ಸೆರಗು ತಾಕಿದರೂ ಅಜ್ಜಿ ಹಲ್ಲು ಕಚ್ಚುತ್ತಿದ್ದಳು. ನೋಡಲು ಬಂದ ಓಣಿಯವರು, "ಸರ್ಪಸುತ್ತು ಕಣವ್ವಾ, ತಲೆ ಬಾಲ ಕೂಡಬಾರದು, ಕೂಡಿದರೆ ಜೀವ ಉಳಿಯಲ್ಲ" ಎಂದರು. ನಾನು ಹೆದರಿ, ಗುಳ್ಳೆ ಎಲ್ಲಿಗೆ ಬಂತೆಂದು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಅದು ನಡುಗೆರೆ ದಾಟಲೇ ಇಲ್ಲ.

ಯಾಕೆ ದಾಟಲಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಎಳವೆಯಲ್ಲಿ ಅಮ್ಮ ಆಗಿತ್ತು, ಅಂದರೆ ಸೀತಾಳೆ ಸಿಡುಬು. ಗುಳ್ಳೆ ಒಣಗಿದವು, ಬೇವಿನ ಸೊಪ್ಪಿನ ನೀರು ಮಿಂದಳು, ಎಲ್ಲರೂ ಮರೆತರು. ವೈರಸ್ ಮಾತ್ರ ಹೋಗಲಿಲ್ಲ. ಚರ್ಮದಲ್ಲಿದ್ದ ನರದ ತುದಿ ಹಿಡಿದು, ನರಗಂಟಿಗೆ ಹೋಗಿ, ಅಲ್ಲೇ ಸದ್ದಿಲ್ಲದೆ ಮಲಗಿತು. ಮುಪ್ಪಿನಲ್ಲಿ ಮೈಯ ಕಾವಲು ಸಡಿಲವಾದಾಗ ಎದ್ದು, ಅದೇ ನರ ಹಿಡಿದು ಚರ್ಮಕ್ಕೆ ಮರಳಿತು. ಒಂದು ನರಗಂಟು ಮೈಯ ಒಂದು ಬದಿಯ ಒಂದು ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತದೆ. ಅದಕ್ಕೇ ಗುಳ್ಳೆಗಳು ಅರ್ಧ ಸುತ್ತಿಗೆ ನಿಂತವು. ಹಾವೂ ಇಲ್ಲ, ತಲೆ ಬಾಲವೂ ಇಲ್ಲ. ಗುಳ್ಳೆ ಎದ್ದ ಮೂರು ದಿನದೊಳಗೆ ವೈದ್ಯರು ಗುಳಿಗೆ ಶುರು ಮಾಡಿದರೆ ಹೆಚ್ಚು ಗುಣ. ನಿಮ್ಮ ಮನೆಯ ಹಿರಿಯರಿಗೆ ಹೀಗಾದರೆ ತಡಮಾಡದೆ ದವಾಖಾನೆಗೆ ಕರೆದೊಯ್ಯಲು ಹೇಳಿ.

ಜ್ವರ ಬಂದಾಗ ಕೆಲವರ ತುಟಿಯಂಚಿಗೆ ಗುಳ್ಳೆ ಏಳುತ್ತದಲ್ಲ, ಅದನ್ನು ತರುವುದು ಇದೇ ವಂಶದ ಹರ್ಪಿಸ್ ವೈರಸ್. ಅದಕ್ಕೂ ಈ ದಾರಿ ಗೊತ್ತು. ತಾನಾಗಿ ನಡೆಯಲು ಅದಕ್ಕೆ ಕಾಲಿಲ್ಲ, ಆದರೆ ನರದೊಳಗೆ ಸಾಗಣೆಯ ವ್ಯವಸ್ಥೆ ಸಿದ್ಧವಾಗಿಯೇ ಇದೆ. ಉದ್ದಕ್ಕೂ ಹಳಿಯಂಥ ಸಣ್ಣ ಕೊಳವೆಗಳು, ಅವುಗಳ ಮೇಲೆ ಹೆಜ್ಜೆ ಹಾಕುತ್ತ ಸರಕು ಹೊರುವ ಪ್ರೋಟೀನ್‌ಗಳು. ಒಡಲಿನಿಂದ ತುದಿಗೆ ಒಯ್ಯುವುದು ಕೈನೆಸಿನ್, 1985ರಲ್ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರದಲ್ಲಿ ಅದನ್ನು ಕಂಡುಹಿಡಿದರು. ತುದಿಯಿಂದ ಒಡಲಿಗೆ ತರುವುದು ಡೈನೀನ್. ಹರ್ಪಿಸ್ ವೈರಸ್ ಡೈನೀನಿನ ಬೆನ್ನೇರಿ ಒಡಲು ಸೇರುತ್ತದೆ.

ಈಗ ನಮ್ಮೂರಿನ ಒಂದು ರೂಢಿ ನೆನೆಸಿಕೊಳ್ಳಿ. ಅಕ್ಕನೋ ಅಣ್ಣನೋ ಹೊಸಪೇಟೆಯ ಹಾಸ್ಟೆಲ್‌ನಲ್ಲಿ ಓದುತ್ತಿದ್ದರೆ, ಅವ್ವ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ, ಚೀಲದ ಮೇಲೆ ಹೆಸರು ಬರೆದು, ಹೆದ್ದಾರಿಯಲ್ಲಿ ಬರುವ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಬುತ್ತಿಗೆಂದು ಬೇರೆ ಗಾಡಿ ಬೇಡ. ಹೇಗೂ ಆ ಊರಿಗೆ ಹೋಗುವ ಬಸ್ಸಿದೆ.

ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಹರ್ಪಿಸ್ ವೈರಸ್ಸಿನ ಹೊಟ್ಟೆಯಿಂದ, ಅದು ತನ್ನ ಸಂತಾನ ಬೆಳೆಸಲು ಬೇಕಾದ ಮುಖ್ಯ ಜೀನ್‌ಗಳನ್ನು ತೆಗೆದರು. ಈಗ ಅದು ದಾರಿ ಬಲ್ಲದು, ಬಾಗಿಲು ತೆರೆಯಬಲ್ಲದು, ಒಳಗೆ ಹೋಗಿ ಹೆಚ್ಚಲಾರದು. ಖಾಲಿಯಾದ ಜಾಗದಲ್ಲಿ ತಮಗೆ ಬೇಕಾದ ಜೀನ್ ಇಟ್ಟರು. ಹೀಗೆ ಬುತ್ತಿ ಹೊರಲು ಒಪ್ಪಿಸಿದ ವೈರಸ್ಸಿಗೆ ವೈರಲ್ ವೆಕ್ಟರ್ ಎನ್ನುತ್ತಾರೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡೇವಿಡ್ ಫಿಂಕ್ ಮತ್ತು ಸಂಗಡಿಗರು ಇಂಥ ವೆಕ್ಟರನ್ನು ಮೊದಲು ಇಲಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ ನೋಡಿದರು. ಕ್ಯಾನ್ಸರಿನಿಂದ ತಡೆಯಲಾರದಷ್ಟು ನೋವಿದ್ದ 10 ಮಂದಿ ಒಪ್ಪಿ ಮುಂದೆ ಬಂದರು. ಎಲ್ಲಿ ನೋವೋ ಅಲ್ಲಿನ ಚರ್ಮಕ್ಕೆ ಸೂಜಿ ಹಾಕಿದರು. ವೈರಸ್ ಒಯ್ದ ಬುತ್ತಿಯಲ್ಲಿದ್ದದ್ದು ಎನ್‌ಕೆಫಲಿನ್ ಎಂಬ ವಸ್ತುವನ್ನು ತಯಾರಿಸುವ ಜೀನ್. ಅದು ಪರದೇಶಿ ಔಷಧವಲ್ಲ, ನೋವು ತಗ್ಗಿಸಲು ನಮ್ಮ ಮೈಯೇ ಮಾಡಿಕೊಳ್ಳುವಂಥದ್ದು. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಜಾನ್ ಹ್ಯೂಸ್, ಹಾನ್ಸ್ ಕಾಸ್ಟರ್‌ಲಿಟ್ಸ್ 1975ರಲ್ಲಿ ಅದನ್ನು ಗುರುತಿಸಿದ್ದರು. 2011ರಲ್ಲಿ ಫಿಂಕ್ ತಂಡ ಫಲಿತಾಂಶ ಪ್ರಕಟಿಸಿತು. ಕಡಿಮೆ ಪ್ರಮಾಣ ಪಡೆದವರಿಗೆ ಹೆಚ್ಚೇನೂ ಬದಲಾಗಲಿಲ್ಲ, ಮಧ್ಯಮ ಮತ್ತು ಹೆಚ್ಚು ಪ್ರಮಾಣ ಪಡೆದವರು ನೋವು ಇಳಿಯಿತೆಂದರು. ಆದರೆ ಅದು ಸುರಕ್ಷಿತವೇ ಎಂದು ನೋಡಲು ಮಾಡಿದ ಮೊದಲ ಹಂತ. ಹೋಲಿಸಲು ಔಷಧವಿಲ್ಲದ ಸೂಜಿ ಪಡೆದ ಗುಂಪು ಇರಲಿಲ್ಲ, ಹಾಗಾಗಿ ಗೆದ್ದೆವು ಎಂದು ಹೇಳಲು ಅದೊಂದೇ ಸಾಲದು.

ಇದೇ ಉಪಾಯ ಕಿವಿಯಲ್ಲಿ ಇನ್ನೂ ಮುಂದೆ ಹೋಗಿದೆ. ಓಟೋಫರ್ಲಿನ್ ಎಂಬ ಪ್ರೋಟೀನಿನ ಚೀಟಿ ಕೆಟ್ಟು ಹುಟ್ಟುವ ಕೆಲವು ಮಕ್ಕಳಿದ್ದಾರೆ. ಅವರ ಒಳಗಿವಿಯ ರೋಮಕೋಶಗಳು ಸದ್ದನ್ನು ಹಿಡಿಯುತ್ತವೆ, ಪಕ್ಕದ ನರಕ್ಕೆ ದಾಟಿಸಲಾರವು. ಇವರಿಗೆ ಸರಿಯಾದ ಚೀಟಿ ತಲುಪಿಸಲು ಆರಿಸಿದ್ದು ಎಎವಿ ಎಂಬ ಇನ್ನೂ ಚಿಕ್ಕ ವೈರಸ್. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಿದರೆ ಸುಮಾರು 40,000 ಹಿಡಿಸುತ್ತವೆ. ತೊಂದರೆಯೇನೆಂದರೆ ಅದರ ಚೀಲ ಚಿಕ್ಕದು, ಈ ಜೀನ್ ದೊಡ್ಡದು. ಶಾಂಘೈನ ವೈದ್ಯರು ಜೀನನ್ನು ಎರಡು ತುಂಡು ಮಾಡಿ ಎರಡು ಚೀಲಗಳಲ್ಲಿ ಕಳಿಸಿದರು. ಕೋಶದೊಳಗೆ ಎರಡೂ ಕೂಡಿಕೊಂಡವು. 2024ರ ಜನವರಿಯಲ್ಲಿ ವರದಿಯಾದಂತೆ, ಚಿಕಿತ್ಸೆ ಪಡೆದ ಆರು ಮಕ್ಕಳಲ್ಲಿ ಐವರಿಗೆ ಕೇಳಿಸತೊಡಗಿತು. ಅವ್ವ ಕೂಗಿದ್ದು ಮೊದಲ ಸಲ ಕಿವಿಗೆ ಬಿದ್ದ ಆ ಗಳಿಗೆ ಹೇಗಿದ್ದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನರದ ದಾರಿ ಬಲ್ಲ ಇನ್ನೊಂದು ವೈರಸ್ಸಿದೆ. ಅದು ರೇಬೀಸ್, ಹುಚ್ಚುನಾಯಿಯ ಜೊಲ್ಲಿನಲ್ಲಿರುವುದು. ಅದರ ಒಂದು ಜೀನ್ ಕಿತ್ತು, ಯಾವ ನರಕೋಶ ಯಾವುದರ ಕೈಹಿಡಿದಿದೆ ಎಂದು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಪ್ರಯೋಗಾಲಯದ ಹೊರಗೆ, ಬೀದಿಯಲ್ಲಿ, ಆ ವೈರಸ್ಸಿನ ಜೀನ್ ಯಾರೂ ಕಿತ್ತಿಲ್ಲ. ಅದು ಮಿದುಳು ಮುಟ್ಟಿ ರೋಗ ತೋರಿದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಆದರೆ ಕಚ್ಚಿದ ಜಾಗದಿಂದ ಮಿದುಳಿಗೆ ನರದ ದಾರಿ ಉದ್ದ. ಸಾಮಾನ್ಯವಾಗಿ ವಾರಗಳೇ ಹಿಡಿಯುತ್ತವೆ. ಆ ಬಿಡುವಿನಲ್ಲಿ ಲಸಿಕೆ ಮೈಯ ಕಾವಲನ್ನು ಎಬ್ಬಿಸಿ ನಿಲ್ಲಿಸುತ್ತದೆ. 1885ರಲ್ಲಿ ಲೂಯಿ ಪಾಶ್ಚರ್ ಲಸಿಕೆ ಕೊಡಿಸಿದ ಹುಡುಗ ಜೋಸೆಫ್ ಮೈಸ್ಟರನಿಗೆ ಆಗ ಒಂಬತ್ತು ವರ್ಷ. ಅವನು ಬದುಕಿದ.

ಅದಕ್ಕೇ ಕೇಳಿಕೊಳ್ಳುತ್ತೇನೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಬೈತಾರೆಂದು ಮುಚ್ಚಿಡಬೇಡಿ. ಖಾರದಪುಡಿ, ಸುಣ್ಣ ಹಚ್ಚಬೇಡಿ. ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲಿ ಎಲ್ಲ ಸೂಜಿಗಳನ್ನೂ ಹಾಕಿಸಿಕೊಳ್ಳಿ.